ಚರ್ಚೆ ಸಾಕು, ಮತಕ್ಕೆ ಹಾಕಿ

ನನ್ನ ತಂಗಿ ಸತ್ತದ್ದು ಕೌದಳ್ಳಿಯಿಂದ ಹನೂರಿಗೆ ಹೋಗುವ ರಸ್ತೆಯಲ್ಲಿ, ಎತ್ತಿನ ಗಾಡಿಯ ಮೇಲೆ. ಹೆರಿಗೆ ನೋವು ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೇ ಶುರುವಾಗಿತ್ತು. ಗಾಡಿ ಹೊರಟದ್ದು ಮಧ್ಯಾಹ್ನ ಇಳಿದ ಮೇಲೆ. ನಡುವಿನ ಅಷ್ಟೂ ಹೊತ್ತು ಅವಳ ಮಾವ, ಗಂಡನ ಅಪ್ಪ, ಜಗಲಿಯ ಮೇಲೆ ಕೂತು ಮಾತಾಡಿದ. ವಯಸ್ಸಿನಲ್ಲಿ ಹಿರಿಯ, ಊರಿಗೆ ದೊಡ್ಡ ಹಿಡುವಳಿದಾರ, ‘ಮಾತಾಡಿದರು’ ಎಂದು ಬರೆಯುವುದೇ ಸರಿ. ನನ್ನ ಕೈಗೆ ಅದು ಬರುವುದಿಲ್ಲ.

ನಾವಿಬ್ಬರೂ ಶಾಗ್ಯದ ಹೆಣ್ಣುಮಕ್ಕಳು. ಇಬ್ಬರನ್ನೂ ಕೌದಳ್ಳಿಗೇ ಕೊಟ್ಟಿದ್ದರು, ಅವಳನ್ನು ಆ ದೊಡ್ಡ ಮನೆಗೆ, ನನ್ನನ್ನು ಪ್ರೈಮರಿ ಸ್ಕೂಲಿನ ಮೇಷ್ಟರಿಗೆ. ಆ ದಿನ ಸುದ್ದಿ ತಿಳಿದು ನಾನು ಓಡಿದಾಗ ಸೂಲಗಿತ್ತಿ ಆಗಲೇ ಕೈಚೆಲ್ಲಿದ್ದಳು. ಮಗು ಅಡ್ಡ ತಿರುಗಿದೆ, ಆಸ್ಪತ್ರೆಗೆ ಒಯ್ಯಿರಿ ಎಂದಿದ್ದಳು. ಜಗಲಿಯ ಮೇಲೆ ಮಾತು ನಡೆಯುತ್ತಿತ್ತು. ಎತ್ತುಗಳು ಈಗಷ್ಟೇ ಉತ್ತು ಬಂದಿವೆ, ಯಾವ ಜೋಡಿ ಹೂಡುವುದು? ಹನೂರಿಗೋ, ಕೊಳ್ಳೇಗಾಲಕ್ಕೋ? ಅಲ್ಲಿರುವವನು ಗಂಡಸು ಡಾಕ್ಟರು, ನಮ್ಮ ಮನೆತನಕ್ಕೆ ಅದು ಒಪ್ಪುತ್ತದೆಯೇ? ಪಕ್ಕದ ಊರಿನ ಇನ್ನೊಬ್ಬ ಸೂಲಗಿತ್ತಿಯನ್ನು ಒಂದು ಸಲ ಕರೆಸಿ ನೋಡಬಾರದೇಕೆ? ಒಂದು ಮಾತು ಮುಗಿಯುವ ಮೊದಲೇ ಇನ್ನೊಂದನ್ನು ಎತ್ತಿಕೊಳ್ಳುವ ಚಾಳಿ ಆತನದು.

“ನೋಡಾಣ ಇರ್ರಪ್ಪ,” ಎನ್ನುತ್ತಿದ್ದ. “ಆತುರ ಬಿದ್ದು ಕೆಟ್ಟೋರೇ ಎಚ್ಚು.”

ನಾನು ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದೆ. ಬೀಗರ ಮನೆ, ಗಂಡಸರ ಮಾತು. ಒಳಗಿಂದ ತಂಗಿ ಮೂರು ಸಲ ಕೇಳಿದಳು, “ಅಕ್ಕ, ಗಾಡಿ ಕಟ್ಟುದ್ರಾ?” ಮೂರನೆಯ ಸಲ ನಾನು ಸುಳ್ಳು ಹೇಳಿದೆ: “ಕಟ್ತಾವ್ರೆ ಕಣವ್ವ.”

ಅವಳ ಜೊತೆ ಹೊಟ್ಟೆಯಲ್ಲಿದ್ದ ಮಗುವೂ ಹೋಯಿತು. ಮೂರು ವರ್ಷದ ಮೊದಲ ಹೆಣ್ಣು ಮಗು ಆ ಮನೆಯಲ್ಲೇ ಉಳಿಯಿತು.

ಇದಾದ ಎರಡನೇ ವರ್ಷ ಊರಿಗೆ ಪಂಚಾಯತಿ ಬೋರ್ಡಿನ ಎಲೆಕ್ಷನ್ ಬಂತು. ಆಗ ನಾವು ಮದ್ರಾಸು ಸರ್ಕಾರದ ಕೈಕೆಳಗೆ, ಕೊಯಮತ್ತೂರು ಜಿಲ್ಲೆ. ನಮ್ಮ ಬೀದಿಯಲ್ಲಿ ಇಬ್ಬರು ದಾಯಾದಿಗಳು ನಿಲ್ಲಲು ಹೊರಟಿದ್ದರು. ಇವನು ಗೆಲ್ಲಬಾರದೆಂದು ಅವನು, ಅವನು ಗೆಲ್ಲಬಾರದೆಂದು ಇವನು. ಕೊನೆಗೆ ಇಬ್ಬರೂ ಸೋಲದ ಹಾಗೆ ಒಂದು ದಾರಿ ಹುಡುಕಿದರು: ಮೇಷ್ಟರ ಹೆಂಡತಿ ಓದು ಬರಹ ಬಲ್ಲವಳು, ಹೆಂಗಸು, ಸುಮ್ಮನೆ ಕೂತು ಹೆಬ್ಬೆಟ್ಟಿನ ಬದಲು ಸಹಿ ಹಾಕಿ ಬರುತ್ತಾಳೆ. ಎದುರಿಗೆ ಯಾರೂ ನಿಲ್ಲಲಿಲ್ಲ. ನಾನು ಮೆಂಬರಾದೆ.

ನಾನು ಒಪ್ಪಿದ್ದು ಊರಿನ ಉದ್ಧಾರಕ್ಕಲ್ಲ. ಪಕ್ಕದ ಬೀದಿಯಿಂದ ತಂಗಿಯ ಮಾವನೂ ಆಯ್ಕೆಯಾಗುತ್ತಾನೆಂದು ಗೊತ್ತಿತ್ತು. ಆತ ಕೂರುವ ಕಡೆ ನಾನೂ ಕೂರಬೇಕಿತ್ತು.

ಬೋರ್ಡಿನಲ್ಲಿ ಏಳು ಜನ. ಅಧ್ಯಕ್ಷರು ಯಾರ ಜೊತೆಗೂ ನಿಷ್ಠುರ ಬೇಡವೆನ್ನುವ ಮುದುಕರು. ತಂಗಿಯ ಮಾವ, ಆತ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಇಬ್ಬರು. ರಸ್ತೆ ಬದಿಯ ಒಬ್ಬ ಅಂಗಡಿಯವರು. ಕೂಲಿಕಾರರ ಕೇರಿಯಿಂದ ಬಂದ ಒಬ್ಬರು, ಅವರು ದುಡಿಯುತ್ತಿದ್ದದ್ದು ತಂಗಿಯ ಮಾವನ ಹೊಲದಲ್ಲೇ. ಏಳನೆಯವಳು ನಾನು. ತಿಂಗಳಿಗೊಂದು ಸಭೆ, ಚಾವಡಿಯಲ್ಲಿ, ಮೂರು ಗಂಟೆಯಿಂದ ಐದು ಗಂಟೆಗೆ. ಐದು ಹೊಡೆದರೆ ಮುಗಿಯದ ವಿಷಯ ಮುಂದಿನ ತಿಂಗಳಿಗೆ ಹೋಗುತ್ತಿತ್ತು.

ಮೊದಲ ವರ್ಷ ನಾನು ತುಟಿ ಬಿಚ್ಚಲಿಲ್ಲ. ಆಮೇಲೆ ಜಿಲ್ಲೆಯಿಂದ ಒಂದು ಕಾಗದ ಬಂತು. ಊರಿನವರು ಒಂದು ಕೋಣೆ ಬಿಟ್ಟುಕೊಟ್ಟರೆ ಹೆರಿಗೆಗೆ ತರಬೇತಾದ ಒಬ್ಬ ದಾದಿಯನ್ನು ಕಳಿಸುತ್ತೇವೆ, ಮೂರು ತಿಂಗಳೊಳಗೆ ಉತ್ತರ ಬರದಿದ್ದರೆ ಬೇರೆ ಊರಿಗೆ ಕೊಡುತ್ತೇವೆ ಎಂದು. ಚಾವಡಿಗೆ ಅಂಟಿಕೊಂಡೇ ಒಂದು ಕೋಣೆಯಿತ್ತು. ಅದರಲ್ಲಿ ತಂಗಿಯ ಮಾವ ತನ್ನ ಹುಣಸೆಹಣ್ಣಿನ ಮೂಟೆಗಳನ್ನು ಒಟ್ಟಿದ್ದ. ಯಾರೂ ಕೇಳಿರಲಿಲ್ಲ. ಆ ಕೋಣೆಯನ್ನು ದಾದಿಗೆ ಕೊಡಬೇಕೆಂದು ನಾನು ಬರೆದುಕೊಟ್ಟೆ.

ಸಭೆಯಲ್ಲಿ ಆತ ನಿಧಾನವಾಗಿ ಎದ್ದ. ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡ.

“ಅಧ್ಯಕ್ಷರೇ, ನಂದೇನೂ ಅಡ್ಡಿಯಿಲ್ಲ. ಎಣ್ಮಕ್ಕಳ ವಿಷ್ಯ, ಒಳ್ಳೇದೇ. ಆದ್ರೆ ಈ ಚಾವಡಿ ಅನ್ನೋದು ಏನು, ಎಂಗೆ ಬಂತು, ಅದ ಒಸಿ ತಿಳ್ಕೊಳ್ಳಾಣ.”

ಚಾವಡಿಯ ಕಲ್ಲುಗಳು ಯಾವ ಗುಡ್ಡದಿಂದ ಬಂದವು, ಹೊತ್ತವರು ಯಾರು, ತೊಲೆಗೆ ಮರ ಕೊಟ್ಟ ಮನೆ ಯಾವುದು, ಆ ಮನೆಯವರಿಗೂ ತನ್ನ ತಾತನಿಗೂ ಏನು ನಂಟು. ಬೋರ್ಡಿನ ಗುಮಾಸ್ತರ ಮೇಜಿನ ಮೇಲಿದ್ದ ಟೈಂಪೀಸಿನ ಮುಳ್ಳು ಜರುಗುತ್ತಲೇ ಇತ್ತು. ಮಧ್ಯೆ ನಿಂತು ನೀರು ಕುಡಿದ. ಹಿಂದಿನ ಐದು ಸಭೆಗಳ ನಡಾವಳಿ ಓದಿಸಿ ಎಂದ. ಗುಮಾಸ್ತರು ಓದಿದರು. ಐದು ಹೊಡೆಯಿತು.

ಮುಂದಿನ ತಿಂಗಳು ಹೊಸ ತಕರಾರು. ಜಿಲ್ಲೆಯ ಕಾಗದ ತಮಿಳಿನಲ್ಲಿದೆ, ಸಾಲು ಸಾಲಾಗಿ ಕನ್ನಡದಲ್ಲಿ ಹೇಳಬೇಕು. ಗುಮಾಸ್ತರು ಒಂದು ಸಾಲು ಹೇಳಿದರೆ, ಆ ಪದಕ್ಕೆ ಆ ಅರ್ಥ ಅಲ್ಲ ಎಂದು ಆತ ಹಿಡಿದು ನಿಲ್ಲಿಸುತ್ತಿದ್ದ. ನಮ್ಮ ಕಡೆ ಅರ್ಧ ಊರಿಗೆ ತಮಿಳು ಬರುತ್ತದೆ. ಆತನಂತೂ ಮೇಟ್ಟೂರಿನ ವ್ಯಾಪಾರಿಗಳ ಜೊತೆ ತಮಿಳಿನಲ್ಲೇ ಜಗಳವಾಡುತ್ತಿದ್ದವನು. ನಾನು ಎದ್ದು, “ಬೀಗ್ರೇ, ನಿಮ್ಗೆ ತಮಿಳು ಬತ್ತದಲ್ಲ?” ಎಂದೆ.

ಆತ ನನ್ನ ಕಡೆ ತಿರುಗಲೂ ಇಲ್ಲ. “ನಂಗ್ ಬತ್ತದೆ ಕಣವ್ವ. ಊರಿಗೆ ಬರಬ್ಯಾಡ್ವಾ? ಆತುರ ಯಾಕೆ, ನೋಡಾಣ.”

ನೋಡಾಣ! ಜಗಲಿಯ ಮೇಲೆ ಆಡಿದ್ದ ಅದೇ ಮಾತು, ಅದೇ ದನಿ. ಅವತ್ತೇ ನಿರ್ಧರಿಸಿದೆ, ಈ ಮನುಷ್ಯನ ಮಾತನ್ನು ಇವನ ಗಂಟಲಲ್ಲೇ ನಿಲ್ಲಿಸಬೇಕು ಎಂದು. ಕೋಣೆ ಸಿಗುವುದು ಎರಡನೆಯ ಮಾತಾಯಿತು. ಇದನ್ನು ನಾನು ಆಗ ಯಾರಿಗೂ ಹೇಳಿರಲಿಲ್ಲ.

ಉಳಿದದ್ದು ಒಂದೇ ಸಭೆ. ನಾನು ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಹೋಗಿ, ಅಲ್ಲಿಂದ ಯಳಂದೂರಿನ ಹತ್ತಿರದ ಮಾಂಬಳ್ಳಿಗೆ ಹೋದೆ. ಅದು ಮೈಸೂರು ಸೀಮೆ. ಅಲ್ಲಿ ನನ್ನ ಸೋದರಮಾವ ಇದ್ದರು. ಮೈಸೂರಿನಲ್ಲಿ ಪ್ರಜೆಗಳ ಕಡೆಯ ಮೆಂಬರುಗಳು ಸೇರಿ ಕಾನೂನು ಚರ್ಚೆ ಮಾಡುವ ಸಭೆಯ ಆಫೀಸಿನಲ್ಲಿ ಬಹಳ ವರ್ಷ ಗುಮಾಸ್ತರಾಗಿದ್ದು ಊರಿಗೆ ಬಂದವರು. ನಾನು ತಂದಿದ್ದ ನಮ್ಮ ಬೋರ್ಡಿನ ರೂಲ್ಸು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಓದಿದರು.

“ಇದೇನ್ ಒಸದಲ್ಲ ಕಣವ್ವ,” ಎಂದರು. “ಮಾತಾಡಿ ಮಾತಾಡಿ ಸಾಯಿಸೋದು ಅಂತ. ಅಲ್ಲೂ ಒಬ್ರಿದ್ರು. ಬ್ಯಾಡದ ಮಸೂದೆ ಬಂತು ಅಂದ್ರೆ ಸೀಮೆ ಕೆರೆಗಳ ಎಸ್ರೆಲ್ಲ ಓದೋರು. ಒತ್ತು ಮುಳುಗೋವರ್ಗೂ ಕೆರೆ.”

“ಅವರ ಬಾಯಿ ಯಾರೂ ಮುಚ್ಚುಸ್ತಿರ್ನಿಲ್ವಾ?”

“ಮುಚ್ಚುಸ್ಬೋದು. ಅದಕ್ಕೂ ರೂಲ್ಸದೆ.” ಪುಸ್ತಕದಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟರು. “ಚರ್ಚೆ ಸಾಕು, ಪ್ರಶ್ನೇನ ಮತಕ್ಕೆ ಆಕಿ ಅಂತ ಯಾವ ಮೆಂಬರಾದ್ರೂ ಏಳ್ಬೋದು. ಇನ್ನೊಬ್ರು ಸೈ ಅನ್ನಬೇಕು. ಅಷ್ಟಾದ್ಮೇಲೆ ಅದರ ಮ್ಯಾಲೆ ಯಾರೂ ಮಾತಾಡಂಗಿಲ್ಲ. ಅಧ್ಯಕ್ಷ ಅಲ್ಲೇ ಕೈ ಎತ್ತುಸ್ಬೇಕು. ಕೈ ಎಚ್ಚು ಬಂದ್ರೆ ಮಾತಾಡ್ತಿದ್ದೋನು ಅರ್ಧದಲ್ಲೇ ಕೂರಬೇಕು.”

“ಆತ ಎದ್ದ ತಕ್ಷಣ ಈ ಮಾತ ಏಳ್ಬುಟ್ರೆ?”

“ಅದೇ ತಪ್ಪು ನೋಡು. ಬೇಗ ಏಳುದ್ರೆ ಅಧ್ಯಕ್ಷ ಒಪ್ಪಲ್ಲ. ಎದುರು ಕಡೆಯೋರ್ಗೆ ಮಾತಾಡಕ್ಕೆ ಬುಡ್ಲಿಲ್ಲ ಅಂತ ಆಯ್ತದೆ. ಚೆಂದಾಗಿ ಮಾತಾಡಕ್ಕೆ ಬುಡು. ಎಲ್ರಿಗೂ ಸಾಕಪ್ಪ ಅನ್ನುಸ್ಬೇಕು. ಒಟ್ಟೆ ಅಸೀಬೇಕು. ಆಗ ಏಳು.” ಆಮೇಲೆ ಪುಸ್ತಕ ಮುಚ್ಚಿ ನನ್ನ ಮುಖ ನೋಡಿದರು. “ದಾದಿ ಬರ್ಲಿ ಅಂತ ಕೇಳ್ತಿದ್ದೀಯೋ, ಅವನು ಕೂರ್ಲಿ ಅಂತಲೋ?”

ನಾನು ಪುಸ್ತಕವನ್ನು ಚೀಲಕ್ಕೆ ಸೇರಿಸಿದೆ. ಮಾರನೆಯ ದಿನ ಅವರೇ ನನ್ನನ್ನು ಬಸ್ಸಿಗೆ ಹತ್ತಿಸಿ ಹೋದರು.

ಸೈ ಎನ್ನಲು ಒಬ್ಬರು ಬೇಕಿತ್ತು. ಅಂಗಡಿಯವರನ್ನು ಕೇಳಿದೆ, ಕೈ ಎತ್ತುತ್ತೇನೆ, ಬಾಯಿ ಮಾತ್ರ ಬಿಡುವುದಿಲ್ಲ ಎಂದರು. ಕೇರಿಗೆ ಹೋದೆ. ಆ ಮೆಂಬರು ತಮ್ಮ ಗುಡಿಸಲ ಮುಂದೆ ಹಗ್ಗ ಹೊಸೆಯುತ್ತಿದ್ದರು. ವಿಷಯ ಹೇಳಿದೆ. ಹೊಸೆಯುತ್ತಲೇ ಹೇಳಿದರು:

“ನಾಳೆಯಿಂದ ಕೆಲ್ಸ ಇರಕ್ಕಿಲ್ಲ ಕಣವ್ವ ನಂಗೆ.”

“ಗೊತ್ತು. ಅದಕ್ಕೇ ಬಲವಂತ ಮಾಡಲ್ಲ.”

“ಅವತ್ತು ಗಾಡಿ ಒಡೆದೋನು ನಾನೇ ಅಲ್ವಾ,” ಎಂದರು. ನನಗೆ ಅದು ನೆನಪಿರಲಿಲ್ಲ. ಗಾಡಿ ಹೊಡೆಯುವವನ ಬೆನ್ನು ಅಷ್ಟೇ ನೆನಪಿತ್ತು. “ಇನ್ನೊಂದು ಜೋಡಿ ಎತ್ಗಳ್ನ ಬೆಳಗಾನೇ ಮೇವು ಆಕಿ ನಿಲ್ಸಿದ್ದೆ. ಹೂಡು ಅಂದಿದ್ರೆ ಹೂಡ್ತಿದ್ದೆ. ಅನ್ನಲಿಲ್ಲ. ಸೈ ಅಂತೀನಿ ಬುಡಿ.”

ಮೂರನೇ ಸಭೆಯಲ್ಲಿ ನಾನು ತಂಗಿಯ ಮಾವನಿಗೆ ಪೂರ್ತಿ ಹಗ್ಗ ಬಿಟ್ಟೆ. ಸೊಳ್ಳೆ, ಸೂತಕ, ಚಾವಡಿಯಲ್ಲಿ ಹೆರಿಗೆಯಾದರೆ ಮಡಿ ಮೈಲಿಗೆ, ದಾದಿ ಯಾವ ಜಾತಿಯವಳೋ ಎನ್ನುವುದು. ನಾಲ್ಕೂವರೆಯಾಯಿತು. ಆತನ ಇಬ್ಬರು ಹಿಂಬಾಲಕರಲ್ಲಿ ಒಬ್ಬ ಆಕಳಿಸಿದ. ಅಧ್ಯಕ್ಷರು ಎರಡು ಸಲ ಟೈಂಪೀಸಿನ ಕಡೆ ನೋಡಿದರು. ನಾನು ಎದ್ದೆ.

“ಅಧ್ಯಕ್ಷರೇ, ಚರ್ಚೆ ಸಾಕು. ಪ್ರಶ್ನೆಯನ್ನು ಈಗ ಮತಕ್ಕೆ ಹಾಕಬೇಕೆಂದು ಸೂಚಿಸುತ್ತೇನೆ.”

ಮೂಲೆಯಿಂದ ದನಿ ಬಂತು: “ಅವ್ವೋರು ಏಳಿದ್ದಕ್ಕೆ ನಂದೂ ಸೈ.”

“ಏನ್ಲಾ?” ಎಂದು ಆತ ಆ ಕಡೆ ತಿರುಗಿದ. ಕೇರಿಯ ಮೆಂಬರು ನೆಲ ನೋಡುತ್ತಾ ಕೂತಿದ್ದರು, ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನು ರೂಲ್ಸು ಪುಸ್ತಕ ಬಿಚ್ಚಿ ಅಧ್ಯಕ್ಷರ ಮುಂದಿಟ್ಟೆ. ಗುಮಾಸ್ತರು ಓದಿ, “ಔದು ಸಾ, ಅಂಗೇ ಅದೆ. ಇದರ ಮ್ಯಾಲೆ ಮಾತಿಲ್ಲ,” ಎಂದರು.

ಕೈ ಎತ್ತಿಸಿದರು. ನಮ್ಮ ಕಡೆ ಮೂರು, ಆತನ ಕಡೆ ಮೂರು. ಎಲ್ಲರೂ ಅಧ್ಯಕ್ಷರ ಮುಖ ನೋಡಿದೆವು. ಮುದುಕರು ಹಣೆ ಒರೆಸಿಕೊಂಡರು.

“ನಂಗೂ ಸಾಕಾಗದೆ ಕಣ್ರಪ್ಪಾ,” ಎಂದು ತಮ್ಮ ಕೈಯನ್ನೂ ಎತ್ತಿದರು.

ಕೋಣೆಯ ಪ್ರಶ್ನೆಗೂ ನಾಲ್ಕೇ ಕೈ, ಆದರೆ ಸಾಕಾಯಿತು. ಆತ ಕೂತ. ವಸ್ತ್ರ ಹೆಗಲಿನಿಂದ ಜಾರಿದ್ದನ್ನು ನೋಡಿಕೊಳ್ಳಲೂ ಇಲ್ಲ. ಆ ವಾರದಲ್ಲೇ ಹುಣಸೆ ಮೂಟೆಗಳು ಹೊರಗೆ ಬಂದವು. ನಾನು ಎದುರಿಗೆ ನಿಂತು ಒಂದೊಂದೂ ಹೋಗುವುದನ್ನು ನೋಡಿದೆ. ದಾದಿ ಬಂದಳು, ಸೇಲಂ ಕಡೆಯ ಹುಡುಗಿ, ತಿಂಗಳೊಪ್ಪತ್ತಿನಲ್ಲಿ ಕನ್ನಡ ಕಲಿತಳು. ಕೇರಿಯ ಮೆಂಬರಿಗೆ, ಅವರು ಹೇಳಿದ ಹಾಗೇ, ಮಾರನೆಯ ದಿನದಿಂದಲೇ ಕೆಲಸ ತಪ್ಪಿತು. ಅಂಗಡಿಯವರು ಅವರನ್ನು ಮೂಟೆ ಇಳಿಸಲು ಇಟ್ಟುಕೊಂಡರು.

ಒಳ್ಳೆಯ ಹೆಂಗಸಾಗಿದ್ದರೆ ನಾನು ಅಲ್ಲಿಗೆ ನಿಲ್ಲಿಸುತ್ತಿದ್ದೆ.

ಮಳೆಗಾಲ ಕಳೆದ ಮೇಲೆ ಆತನದೇ ಒಂದು ಅರ್ಜಿ ಬಂತು. ರಸ್ತೆ ಬದಿಯಲ್ಲಿ ಇಂಜಿನ್ ಇಟ್ಟು ರಾಗಿ ಬೀಸುವ ಮಿಲ್ಲು ಹಾಕಲು ಪಂಚಾಯತಿಯ ಅನುಮತಿ ಬೇಕಿತ್ತು. ಇಂಜಿನ್ ಮಾರುವವನು ಈರೋಡಿನವನು, ಸಂಕ್ರಾಂತಿಯ ತನಕ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದ. ಇದು ಊರಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು.

ಮೊದಲ ಸಭೆಯಲ್ಲಿ ನಾನು ಎದ್ದು, “ಅಧ್ಯಕ್ಷರೇ, ನನ್ನದೇನೂ ಅಡ್ಡಿಯಿಲ್ಲ,” ಎಂದು ಶುರುಮಾಡಿದೆ. ಅಂಗಡಿಯವರು ಬಾಯಿಗೆ ವಸ್ತ್ರ ಅಡ್ಡ ಹಿಡಿದು ನಕ್ಕರು. ಇಂಜಿನ್ನಿನ ಹೊಗೆ, ಸದ್ದು, ಸ್ಕೂಲಿನ ಮಕ್ಕಳ ಪಾಠ, ಬೀಸುವ ಕಲ್ಲು ನಂಬಿ ಬದುಕುವ ವಿಧವೆಯರು. ಪ್ರತಿಯೊಬ್ಬರ ಮನೆಗೂ ಹೋಗಿ ಕೇಳಿಕೊಂಡು ಬಂದಿದ್ದೆ, ಪ್ರತಿಯೊಬ್ಬರ ಮಾತನ್ನೂ ಓದಿದೆ. ಐದು ಹೊಡೆಯಿತು. ಎರಡನೇ ತಿಂಗಳು ಅರ್ಜಿಯ ಜೊತೆಗಿದ್ದ ನಕ್ಷೆ ಹಿಡಿದುಕೊಂಡೆ, ಯಾವ ಗೆರೆ ಯಾರ ಬೇಲಿ ಎಂದು. ಅವತ್ತೂ ಐದು ಹೊಡೆಯಿತು. ತನ್ನನ್ನು ಕೂರಿಸಿದ ರೂಲ್ಸನ್ನೇ ಹಿಡಿಯಲು ಆತನಿಗೆ ಅಭಿಮಾನ ಬಿಡಲಿಲ್ಲ. ಮನೆಗೆ ಬಂದಾಗ ಗಂಟಲು ಕಟ್ಟಿರುತ್ತಿತ್ತು, ಯಜಮಾನರು ಮೆಣಸಿನ ಕಷಾಯ ಕಾಸಿಕೊಡುತ್ತಿದ್ದರು. “ಊರಿಗೆ ಮಿಲ್ಲು ಬೇಡವಾ ನಿಂಗೆ?” ಎಂದು ಒಂದೇ ಸಲ ಕೇಳಿದರು. ಬೇಕಿತ್ತು. ಊರಿನ ಹೆಂಗಸರ ರಟ್ಟೆಗೆ ಅದಕ್ಕಿಂತ ದೊಡ್ಡ ಉಪಕಾರ ಇರಲಿಲ್ಲ. ಅದನ್ನು ಬಲ್ಲೆ, ಬಲ್ಲೆನಾದರೂ ನಿಲ್ಲಿಸಲಿಲ್ಲ.

ಆತ ಸೇಡು ತೀರಿಸಿಕೊಂಡದ್ದು ಬೇರೆ ರೀತಿ. ತಂಗಿಯ ಮಗಳು ವಾರಕ್ಕೊಮ್ಮೆಯಾದರೂ ನಮ್ಮ ಮನೆಗೆ ಬರುತ್ತಿದ್ದಳು, ‘ದೊಡ್ಡವ್ವ’ ಎಂದು ಕೂಗುತ್ತಲೇ ಒಳಗೆ ನುಗ್ಗುತ್ತಿದ್ದಳು. ಎರಡನೇ ಸಭೆಯಾದ ಮೇಲೆ ಬರುವುದು ನಿಂತಿತು. ನಾನು ಅವರ ಬೀದಿಯಲ್ಲಿ ಹೋದರೆ ಅವಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು.

ಮೂರನೇ ಸಭೆಗೆ ಎರಡು ದಿನ ಮುಂಚೆ, ಬೆಳಿಗ್ಗೆ ನಾನು ಅಂಗಳ ಸಾರಿಸುತ್ತಿರುವಾಗ, ಆತನೇ ಬಂದ. ಬೇಲಿಯ ಆಚೆಯೇ ನಿಂತ.

“ಸಾಕು ಮಾಡವ್ವ,” ಎಂದ. “ಮಗೀನ ಕಳುಸ್ತೀನಿ. ಮೊದಲಂಗೆ ಬಂದು ಓಗ್ಲಿ.”

ಸಗಣಿ ಕೈಯಲ್ಲೇ ಎದ್ದು ನಿಂತೆ. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

“ಅವತ್ತು ಗಾಡಿ ಯಾಕೆ ತಡ ಆಯ್ತು ಅಂತ ಸಭೇಲಿ ಎದ್ದು ಏಳಿ, ಬೀಗ್ರೇ. ಅಷ್ಟು ಏಳ್ಬುಡಿ, ನಾನು ಮೊದಲು ಕೈ ಎತ್ತುತೀನಿ ನಿಮ್ಮ ಮಿಲ್ಲಿಗೆ.”

ಆತನ ಮುಖ ಕೆಂಪಾಯಿತು. “ಅದು ಮನೆ ವಿಷ್ಯ. ಸಭೆ ವಿಷ್ಯ ಅಲ್ಲ.”

“ಅಂಗಾದ್ರೆ ಮಗು ಮನೇಲೇ ಇರ್ಲಿ.”

ಈ ಮಾತನ್ನು ನಾನೇ ಆಡಿದೆ. ಆತ ಹೋದ ಮೇಲೆ ಉಳಿದರ್ಧ ಅಂಗಳ ಸಾರಿಸಿದೆ.

ಮೂರನೇ ಸಭೆ. ಸಂಕ್ರಾಂತಿಗೆ ಮುಂಚಿನ ಕೊನೆಯ ಸಭೆ. ಸುದ್ದಿ ಹರಡಿ ಚಾವಡಿಯ ಹೊರಗೂ ಜನ ನಿಂತಿದ್ದರು. ಮೂರೂ ಕಾಲಿಗೆ ಅರ್ಜಿ ಬಂತು. ನಾನು ಎದ್ದೆ. ಕಾಗದ ಪತ್ರ ಏನೂ ಹಿಡಿದಿರಲಿಲ್ಲ.

“ಅಧ್ಯಕ್ಷರೇ, ಮಿಲ್ಲಿಗೆ ದಿನಾ ಗಾಡಿಗಳು ಬಂದು ಹೋಗುತ್ತವೆ, ಗಾಡಿಗಳಿಗೆ ಅರ್ಜಿದಾರರೇ ಏರ್ಪಾಡು ಮಾಡುತ್ತಾರೆ ಎಂದು ಅರ್ಜಿಯಲ್ಲಿ ಬರೆದಿದೆ. ಈ ಅರ್ಜಿದಾರರ ಮನೆಯಲ್ಲಿ ಒಂದು ಗಾಡಿ ಹೂಡಲು ಎಷ್ಟು ಹೊತ್ತು ಬೇಕು ಅನ್ನುವುದನ್ನು ಸಭೆ ತಿಳಿಯಬೇಕು.”

ಆಮೇಲೆ ಆ ದಿನವನ್ನು ಹೇಳಿದೆ. ಹಾಲು ಕರೆಯುವ ಹೊತ್ತಿನಿಂದ. ಸೂಲಗಿತ್ತಿ ಏನು ಹೇಳಿದಳು, ಜಗಲಿಯ ಮೇಲೆ ಯಾರು ಕೂತಿದ್ದರು, ಯಾವ ಮಾತಿಗೆ ಎಷ್ಟು ಹೊತ್ತು ಹೋಯಿತು. ಎತ್ತುಗಳು ಎಲ್ಲಿ ನಿಂತು ಮೇವು ತಿನ್ನುತ್ತಿದ್ದವು. ತಂಗಿ ಮೂರು ಸಲ ಏನು ಕೇಳಿದಳು. ನಾನು ಹೇಳಿದ ಸುಳ್ಳನ್ನೂ ಬಿಡಲಿಲ್ಲ. ದನಿ ಏರಿಸಲಿಲ್ಲ, ಅಳಲಿಲ್ಲ. ಅತ್ತರೆ ಮಾತು ನಿಲ್ಲುತ್ತದೆ, ಐದು ಗಂಟೆಯವರೆಗೆ ಮಾತು ಬೇಕಿತ್ತು.

ಗಾಡಿ ಊರ ಹೊರಗಿನ ಆಲದ ಮರ ದಾಟಿತು ಎಂಬಲ್ಲಿಗೆ ಬಂದಾಗ ಆತ ಎದ್ದ.

“ಅಧ್ಯಕ್ಷರೇ, ಚರ್ಚೆ ಸಾಕು! ಮತಕ್ಕೆ ಆಕಿ!”

ಅಧ್ಯಕ್ಷರು ಕೇಳಿದರು, “ಯಾರಾದ್ರೂ ಸೈ ಅಂತೀರಾ?”

ಆತ ತನ್ನ ಎಡಕ್ಕೆ ಕೂತವನನ್ನು ನೋಡಿದ. ಅವನು ಕಾಲ ಬೆರಳು ನೋಡುತ್ತಿದ್ದ. ಬಲಕ್ಕೆ ಕೂತವನನ್ನು ನೋಡಿದ. ಆ ಮನುಷ್ಯನ ಸೊಸೆ ಹಿಂದಿನ ವಾರವಷ್ಟೇ ದಾದಿಯ ಕೋಣೆಯಲ್ಲಿ ಹೆತ್ತಿದ್ದಳು. ಅವನು ಮುಖ ತಿರುಗಿಸಿಕೊಂಡ. ಅಧ್ಯಕ್ಷರು ಇನ್ನೊಮ್ಮೆ ಕೇಳಿದರು.

“ಸೈ ಅನ್ನೋರಿಲ್ಲ. ಕೂತ್ಕಳಿ,” ಎಂದರು ಅಧ್ಯಕ್ಷರು.

ಆತ ಕೂತ. ನಾನು ಆಲದ ಮರದಿಂದ ಮುಂದಕ್ಕೆ ಹೇಳಿದೆ. ಐದು ಹೊಡೆಯುವ ತನಕ ಹೇಳಿದೆ, ಆತ ಐದು ಹೊಡೆಯುವ ತನಕ ಕೇಳಿದ. ಅವತ್ತಿನಷ್ಟು ನನ್ನ ಎದೆ ಯಾವತ್ತೂ ತಣ್ಣಗಾಗಿಲ್ಲ. ಈ ವಯಸ್ಸಿನಲ್ಲಿ ಎಲ್ಲರೂ ಕ್ಷಮಿಸಿಬಿಟ್ಟೆ ಎಂದು ಬರೆಯುತ್ತಾರೆ. ನಾನು ಹಾಗೆ ಬರೆಯಲಾರೆ.

ಇಂಜಿನ್ನು ಹನೂರಿನವರ ಪಾಲಾಯಿತು. ನಮ್ಮ ಹೆಂಗಸರು ಇನ್ನೂ ಕೆಲವು ವರ್ಷ ಕೈಯಲ್ಲೇ ಬೀಸಿದರು, ನಾನೂ ಬೀಸಿದೆ, ಅವರಲ್ಲಿ ಕೆಲವರು ನನ್ನನ್ನು ಎದುರಿಗೇ ಬೈದರು. ಬೈಸಿಕೊಂಡೆ. ತಂಗಿಯ ಮಾವ ಆಮೇಲೆ ಸಭೆಗೆ ಬರಲಿಲ್ಲ. ಸತತ ಗೈರುಹಾಜರಾದ್ದರಿಂದ ಆತನ ಜಾಗ ಖಾಲಿಯಾಯಿತೆಂದು ಗುಮಾಸ್ತರು ನಡಾವಳಿಯಲ್ಲಿ ಬರೆದರು.

ಮಗು ಎರಡು ವರ್ಷ ನಮ್ಮ ಹೊಸಿಲು ತುಳಿಯಲಿಲ್ಲ. ಒಂದು ಯುಗಾದಿಯಲ್ಲಿ ಅವಳ ಅಜ್ಜಿ, ಗಂಡನಿಗೆ ಹೇಳಿಯೋ ಹೇಳದೆಯೋ, ಬೇವುಬೆಲ್ಲದ ತಟ್ಟೆ ಕೊಟ್ಟು ಅವಳನ್ನು ಕಳಿಸಿದ್ದರು. ಎತ್ತರ ಬೆಳೆದಿದ್ದಳು. ಬಾಗಿಲಲ್ಲೇ ನಿಂತು ನನ್ನನ್ನು ದಿಟ್ಟಿಸಿದಳು.

“ನೀವೇನಾ ನಮ್ ತಾತನ್ನ ಬೈದೋರು?”

“ಬೈನಿಲ್ಲ ಕಣವ್ವ. ನಡೆದದ್ದ ಏಳ್ದೆ.”

“ಏನ್ ನಡೀತು?”

“ದೊಡ್ಡೋಳಾಗು, ಏಳ್ತೀನಿ. ಒಳಕ್ಕೆ ಬಾ.”

ಬರಲಿಲ್ಲ. ತಟ್ಟೆಯನ್ನು ಹೊಸಿಲ ಮೇಲಿಟ್ಟಳು. ನಾನು ಇನ್ನೂ ಎರಡು ಸಲ ಕರೆದ ಮೇಲೆ, ಚಪ್ಪಲಿಯಿಲ್ಲದ ಕಾಲನ್ನು ಒಂದರ ಮೇಲೊಂದು ಉಜ್ಜಿಕೊಂಡು, ಒಳಗೆ ಬಂದು ಗೋಡೆಗೆ ಒರಗಿ ಕೂತಳು.